ಪಾತ್ರ ಸತ್ತಾಗ ಡಿಎಂ ಏನು ಮಾಡಬೇಕು: ಡಿ ಅಂಡ್ ಡಿ ಆಟದಲ್ಲಿ ಸಾವು, ಮರುಜೀವ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

"ಗುರು, ಅಂದ್ರೆ ನಾನು ಸತ್ತೋದ್ನಾ?"

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಮೇಜಿನ ಆಟ. ಅದನ್ನು ಆಡಿಸುವ ಡಿಎಂಗೆ (ಡಂಜನ್ ಮಾಸ್ಟರ್, ಕಥೆ ನಡೆಸುವವರು) ಈ ಪ್ರಶ್ನೆ ಇವತ್ತಲ್ಲ ನಾಳೆ ಎದುರಾಗಿಯೇ ಆಗುತ್ತದೆ. ಕೇಳಿದವನ ಮುಖ ಸಣ್ಣದಾಗಿರುತ್ತದೆ, ಉಳಿದ ನಾಲ್ವರು ನಿಮ್ಮನ್ನೇ ನೋಡುತ್ತಿರುತ್ತಾರೆ. ಆಗ ಹೆಚ್ಚಿನ ಡಿಎಂಗಳು ಎರಡರಲ್ಲೊಂದು ಮಾಡುತ್ತಾರೆ. ಪುಸ್ತಕ ತೆಗೆದು ಇಪ್ಪತ್ತು ನಿಮಿಷ ಪುಟ ತಿರುವುತ್ತಾರೆ, ಇಲ್ಲವೇ ಪರದೆಯ ಹಿಂದೆ ಬಿದ್ದ ದಾಳವನ್ನು ಮೆಲ್ಲಗೆ ಹೊರಳಿಸಿ "ಇಲ್ಲ ಬಿಡು, ಕೂದಲೆಳೆಯಲ್ಲಿ ಪಾರಾದೆ" ಅನ್ನುತ್ತಾರೆ. ಮೊದಲನೆಯದರಲ್ಲಿ ಆಟದ ಬಿಸಿ ಆರಿಹೋಗುತ್ತದೆ. ಎರಡನೆಯದು ಒಂದು ಸಲ ನಡೆಯುತ್ತದೆ. ಮೂರನೇ ಸಲಕ್ಕೆ ಎಲ್ಲರಿಗೂ ಗೊತ್ತಾಗಿ, ಸಾವಿನ ಭಯವೇ ಹೊರಟುಹೋಗುತ್ತದೆ.

ಎರಡಕ್ಕೂ ಮೂಲ ಒಂದೇ: ಸಾಯುವ ಮುಂಚೆ ತೀರ್ಮಾನಿಸಬೇಕಾದ್ದನ್ನು ಸತ್ತ ಮೇಲೆ ತೀರ್ಮಾನಿಸಲು ಹೊರಡುವುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಿಯಮ ಮೊದಲೇ ಎಲ್ಲರಿಗೂ ಗೊತ್ತಿರಬೇಕು, ಸಾವು ಚಟ್ಟನೆ ಮುಗಿಯಬೇಕು, ಮರಳಿ ಬರುವುದು ನಿಧಾನವಾಗಬೇಕು. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ನಿಯಮಗಳೆಲ್ಲ ಐದನೇ ಆವೃತ್ತಿಯವು, 2014ರ ಪುಸ್ತಕವನ್ನು ಆಧರಿಸಿದವು. 2024ರ ಹೊಸ ಪುಸ್ತಕ ಇಟ್ಟುಕೊಂಡು ಆಡುವವರಿಗೂ ಬಹುಪಾಲು ಹೊಂದುತ್ತವೆ. ವ್ಯತ್ಯಾಸ ಮುಖ್ಯವೆನಿಸಿದ ಕಡೆ ಹೇಳಿದ್ದೇನೆ.

## ಕೈಯಳತೆಯಲ್ಲಿ ಇರಬೇಕಾದವು

ಬೇರೆ ಬಣ್ಣದ ಒಂದು 10 ಮುಖದ ದಾಳ. ನನ್ನದು ಕೆಂಪು, ಅದನ್ನು ಇನ್ಯಾವುದಕ್ಕೂ ಉರುಳಿಸುವುದಿಲ್ಲ. ಆಡುವ ಒಬ್ಬೊಬ್ಬರಿಗೂ ಒಂದೊಂದು ರಟ್ಟಿನ ಚೀಟಿ; ಅದರಲ್ಲಿ ಪಾತ್ರದ ಗರಿಷ್ಠ ಹಿಟ್ ಪಾಯಿಂಟ್ (ಜೀವಬಲದ ಅಂಕ) ಮತ್ತು "ಸತ್ತರೆ ಮರಳುವ ಇಷ್ಟವಿದೆಯೇ" ಎಂಬುದಕ್ಕೆ ಉತ್ತರ. ಆಟದೊಳಗಿನ ದಿನಗಳನ್ನು ಗುರುತು ಹಾಕಲು ಒಂದು ಹಾಳೆ. ಹಳೇ ಕ್ಯಾಲೆಂಡರಿನ ಒಂದು ಪುಟವಾದರೂ ಸಾಕು. ಜೊತೆಗೆ ವಜ್ರಗಳ ಲೆಕ್ಕಪತ್ರ, ಅದರ ವಿಷಯ ಎರಡನೇ ಹಂತದಲ್ಲಿ. ತಕ್ಷಣ ಕೈಗೆ ಕೊಡಬಹುದಾದ ಎರಡು ಸಿದ್ಧ ಪಾತ್ರಗಳ ಹಾಳೆಯನ್ನೂ ಇಟ್ಟುಕೊಳ್ಳಿ.

## ಹಂತ 1: ಮೊದಲ ದಿನವೇ ಮೂರು ಪ್ರಶ್ನೆ ಕೇಳಿ

ಕ್ಯಾಂಪೇನ್ (ವಾರಗಟ್ಟಲೆ ಸಾಗುವ ಒಂದೇ ದೊಡ್ಡ ಕಥೆ) ಶುರುವಾಗುವ ಮುಂಚೆ, ಪಾತ್ರ ಕಟ್ಟುವ ದಿನವೇ ಕೇಳಬೇಕು. ಒಂದು: ಈ ಆಟದಲ್ಲಿ ಪಾತ್ರಗಳು ದಾಳದ ಲೆಕ್ಕದಲ್ಲಿ ಸಾಯಬಹುದೇ, ಅಥವಾ ಆಡುವವರು ಒಪ್ಪಿದಾಗ ಮಾತ್ರವೇ? ಎರಡು: ಸತ್ತವರನ್ನು ಎಬ್ಬಿಸುವುದು ಈ ಲೋಕದಲ್ಲಿ ಸಲೀಸೋ, ಅಪರೂಪವೋ? ಮೂರು: ಯಾವ ಬಗೆಯ ಸಾವಿನ ವರ್ಣನೆ ಬೇಡ?

ಮೂರನೆಯದನ್ನು ನಾನು ಮೊದಮೊದಲು ಕೇಳುತ್ತಿರಲಿಲ್ಲ. ಒಮ್ಮೆ ತಂಡದ ಹಳೇ ಸಂಗಾತಿಯೊಬ್ಬ ಸತ್ತಾಗ ಚಿತೆ, ಹೊಗೆ, ತುಪ್ಪದ ವಾಸನೆ ಎಂದೆಲ್ಲ ರಸವತ್ತಾಗಿ ವರ್ಣಿಸಿದೆ. ನನ್ನ ವರ್ಣನೆಗೆ ನಾನೇ ಖುಷಿಪಟ್ಟುಕೊಳ್ಳುತ್ತಿದ್ದಾಗ, ಎದುರಿಗಿದ್ದ ಗೆಳತಿ ನೀರು ಕುಡಿದು ಬರುತ್ತೇನೆಂದು ಎದ್ದವಳು ಅರ್ಧ ಗಂಟೆ ಬಾಲ್ಕನಿಯಲ್ಲೇ ನಿಂತಳು. ಅವಳ ಅಜ್ಜಿ ತೀರಿಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ. ನನಗೆ ಗೊತ್ತಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಈಗ ಈ ಪ್ರಶ್ನೆಯನ್ನು ಮೊದಲ ದಿನವೂ ಕೇಳುತ್ತೇನೆ, ದೊಡ್ಡ ಕಾಳಗ ಬರುವ ದಿನ ಮೆಸೇಜ್ ಹಾಕಿ ಮತ್ತೊಮ್ಮೆಯೂ ಕೇಳುತ್ತೇನೆ.

ಅವತ್ತೇ ಇನ್ನೊಂದು ವಿಷಯ ಹೇಳಿಬಿಡಿ: ನೆಲಕ್ಕೆ ಬಿದ್ದವರ ಮೇಲೆ ಶತ್ರುಗಳು ಹೊಡೆತ ಮುಂದುವರಿಸುತ್ತಾರೋ ಇಲ್ಲವೋ. ನನ್ನ ಟೇಬಲ್‌ನಲ್ಲಿ ಹಸಿದ ಪ್ರಾಣಿ ಬಿದ್ದವನನ್ನು ಎಳೆದೊಯ್ಯುತ್ತದೆ, ಜೋಂಬಿ ಅಲ್ಲೇ ತಿನ್ನಲು ಕೂರುತ್ತದೆ, ದರೋಡೆಕೋರರು ಇನ್ನೂ ನಿಂತಿರುವವರ ಕಡೆ ತಿರುಗುತ್ತಾರೆ. ಇದು ಮೊದಲೇ ತಿಳಿದಿದ್ದರೆ ಸತ್ತವನಿಗೆ "ನನ್ನನ್ನೇ ಹುಡುಕಿ ಹೊಡೆದ" ಎಂಬ ಹೊಟ್ಟೆಉರಿ ಇರುವುದಿಲ್ಲ.

## ಹಂತ 2: ವಜ್ರದ ಲೆಕ್ಕ ಬರೆದಿಡಿ

ಈ ಆಟದಲ್ಲಿ ಪ್ರಾಣದ ಬೆಲೆ ವಜ್ರದಲ್ಲಿದೆ. ಸತ್ತವರನ್ನು ಎಬ್ಬಿಸುವ ಮಂತ್ರಗಳಲ್ಲಿ ರಿವಿವಿಫೈಗೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ರೇಸ್ ಡೆಡ್‌ಗೆ 500, ರೆಸರೆಕ್ಷನ್‌ಗೆ 1,000, ಟ್ರೂ ರೆಸರೆಕ್ಷನ್‌ಗೆ 25,000. ಮಂತ್ರ ಹೇಳಿದ ಮೇಲೆ ವಜ್ರ ಉಳಿಯುವುದಿಲ್ಲ. ಬೆಲೆ ನಮೂದಾಗಿರುವ ಸಾಮಗ್ರಿಯ ಬದಲು ಮಂತ್ರದಂಡವನ್ನೋ ದೇವರ ಪದಕವನ್ನೋ ಹಿಡಿದು ಕೆಲಸ ಮುಗಿಸುವಂತಿಲ್ಲ. ಹಾಗಾಗಿ ನಿಮ್ಮ ಲೋಕದಲ್ಲಿ ವಜ್ರ ಎಷ್ಟು ಸಿಗುತ್ತದೆ ಎನ್ನುವುದೇ ಸಾವು ಎಷ್ಟು ಗಟ್ಟಿ ಎನ್ನುವುದನ್ನು ನಿರ್ಧರಿಸುತ್ತದೆ. ಯಾವ ನಿಯಮವನ್ನೂ ತಿದ್ದದೆ, ಅಂಗಡಿಯಲ್ಲಿ ವಜ್ರ ಇಡದಿದ್ದರೆ ಆಯಿತು.

ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಎಡವುತ್ತಾರೆ. ರಿವಿವಿಫೈ ಕೇಳುವುದು ಒಟ್ಟು 300ರ ವಜ್ರಗಳನ್ನು. ನೂರರ ಮೂರು ಹರಳುಗಳಾದರೂ ನಡೆಯುತ್ತದೆ. ರೇಸ್ ಡೆಡ್ ಮತ್ತು ರೆಸರೆಕ್ಷನ್ ಕೇಳುವುದು ಅಷ್ಟು ಬೆಲೆ ಬಾಳುವ ಒಂದೇ ಒಂದು ಕಲ್ಲನ್ನು. ಇನ್ನೂರರ ಮೂರು ಕಲ್ಲು ಸೇರಿ ಆರುನೂರಾಯಿತಲ್ಲ ಎಂದು ವಾದಿಸುವ ಆಟಗಾರ ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ. ವಜ್ರ ಸಿಕ್ಕ ದಿನವೇ ಲೆಕ್ಕಪತ್ರದಲ್ಲಿ ಒಂದೊಂದು ಕಲ್ಲಿನ ಬೆಲೆ ಬೇರೆಬೇರೆಯಾಗಿ ಬರೆಯಿರಿ. ಶವದ ಪಕ್ಕದಲ್ಲಿ ಕೂತು ಈ ಜಗಳ ಆಡಬೇಕಾಗುವುದಿಲ್ಲ.

ಯಾರು ಯಾವಾಗ ಎಬ್ಬಿಸಬಲ್ಲರು ಎಂಬುದನ್ನೂ ಬರೆದಿಡಿ. ದೈವಬಲದಿಂದ ಮಂತ್ರ ಹೇಳುವ ಕ್ಲೆರಿಕ್‌ಗೆ ರಿವಿವಿಫೈ ಸಿಗುವುದು 5ನೇ ಲೆವೆಲ್‌ನಲ್ಲಿ (ಲೆವೆಲ್ ಎಂದರೆ ಪಾತ್ರ ಬೆಳೆದ ಮೆಟ್ಟಿಲು), ರೇಸ್ ಡೆಡ್ 9ರಲ್ಲಿ, ರೆಸರೆಕ್ಷನ್ 13ರಲ್ಲಿ, ಟ್ರೂ ರೆಸರೆಕ್ಷನ್ 17ರಲ್ಲಿ. ಪ್ರತಿಜ್ಞೆ ತೊಟ್ಟ ಯೋಧ ಪ್ಯಾಲಡಿನ್‌ಗೆ ರಿವಿವಿಫೈ 9ರಲ್ಲಿ. ಅಂದರೆ 1ರಿಂದ 4ನೇ ಲೆವೆಲ್‌ವರೆಗೆ ತಂಡಕ್ಕೆ ಸ್ವಂತ ದಾರಿಯಿಲ್ಲ, ಮತ್ತು ಪಾತ್ರಗಳು ಹೆಚ್ಚು ಸಾಯುವುದೂ ಅಲ್ಲೇ. ಆ ಹಂತದಲ್ಲಿ ಹತ್ತಿರದ ಊರಿನ ಗುಡಿಯಲ್ಲಿ ಎಬ್ಬಿಸಬಲ್ಲ ಅರ್ಚಕರು ಇದ್ದಾರೋ ಇಲ್ಲವೋ, ಇದ್ದರೆ ಬದಲಿಗೆ ಏನು ಕೇಳುತ್ತಾರೆ ಎನ್ನುವುದು ನಿಮ್ಮ ಟಿಪ್ಪಣಿಯಲ್ಲಿ ಇರಬೇಕು.

## ಹಂತ 3: ಸೊನ್ನೆಗೆ ಬಿದ್ದ ಕ್ಷಣ

ಇಲ್ಲಿ ಕ್ರಮ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

1. ಮೊದಲು ಒಂದೇ ಏಟಿನ ಸಾವು ನೋಡಿ. ಹಿಟ್ ಪಾಯಿಂಟ್ ಸೊನ್ನೆಯಾದ ಮೇಲೂ ಉಳಿದ ಹಾನಿ ಪಾತ್ರದ ಗರಿಷ್ಠ ಹಿಟ್ ಪಾಯಿಂಟ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಾತ್ರ ಅಲ್ಲೇ ಸತ್ತಿತು. ಡೆತ್ ಸೇವ್ (ಸಾವು–ಬದುಕು ತೀರ್ಮಾನಿಸುವ ದಾಳ) ಇಲ್ಲ. ಉದಾಹರಣೆಗೆ ಗರಿಷ್ಠ 7 ಇರುವ 1ನೇ ಲೆವೆಲ್ ವಿಝಾರ್ಡ್ (ಮಾಂತ್ರಿಕ) 2 ಹಿಟ್ ಪಾಯಿಂಟ್‌ನಲ್ಲಿ ನಿಂತಿದ್ದಾನೆ. ಓಗರ್ ಎಂಬ ದೈತ್ಯನ ದೊಣ್ಣೆ ಏಟಿನ ಸರಾಸರಿ 13. ಎರಡು ಕಳೆದರೆ ಉಳಿದದ್ದು 11, ಏಳಕ್ಕಿಂತ ಹೆಚ್ಚು. ಕಥೆ ಮುಗಿಯಿತು. ಹೊಸ ತಂಡದ ಎದುರು ಓಗರ್ ನಿಲ್ಲಿಸುವ ಮುಂಚೆ ಈ ಲೆಕ್ಕ ಒಮ್ಮೆ ಹಾಕಿ ನೋಡಿ.

2. ಸಾಯದಿದ್ದರೆ ಪ್ರಜ್ಞೆ ತಪ್ಪುತ್ತದೆ. ಪಾತ್ರ ನೆಲಕ್ಕೆ ಉರುಳುತ್ತದೆ, ಕೈಲಿದ್ದದ್ದು ಬೀಳುತ್ತದೆ, ಏಕಾಗ್ರತೆಯಿಂದ ನಡೆಯುತ್ತಿದ್ದ ಮಂತ್ರ ನಿಲ್ಲುತ್ತದೆ. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ದಾಳಕ್ಕೆ ಬಲ ಕೂಡಿಸುವ ಬ್ಲೆಸ್ ಮಂತ್ರ ಹಾಕಿದ ಕ್ಲೆರಿಕ್ ಬಿದ್ದರೆ ಇಡೀ ತಂಡದ ಬ್ಲೆಸ್ ಹೋಯಿತು.

3. ಡೆತ್ ಸೇವ್ ಉರುಳಿಸುವುದು ಪಾತ್ರದ ಸ್ವಂತ ಸರದಿಯ ಆರಂಭದಲ್ಲಿ, ಬಿದ್ದ ತಕ್ಷಣ ಅಲ್ಲ. 20 ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬಂದರೆ ಒಂದು ಗೆಲುವು, 9 ಅಥವಾ ಕಡಿಮೆ ಬಂದರೆ ಒಂದು ಸೋಲು. ಮೂರು ಗೆಲುವಿಗೆ ಸ್ಥಿರ, ಮೂರು ಸೋಲಿಗೆ ಸಾವು. ಸಾಲಾಗಿ ಬರಬೇಕೆಂದಿಲ್ಲ. ದಾಳದ ಮೇಲೆ 1 ಬಂದರೆ ಎರಡು ಸೋಲು; 20 ಬಂದರೆ 1 ಹಿಟ್ ಪಾಯಿಂಟ್‌ನೊಂದಿಗೆ ಎಚ್ಚರ.

4. ಬಿದ್ದವರಿಗೆ ಮತ್ತೆ ಹಾನಿಯಾದರೆ ಒಂದು ಸೋಲು, ಕ್ರಿಟಿಕಲ್ (ಭಾರಿ ಏಟು) ಆದರೆ ಎರಡು. ಪ್ರಜ್ಞೆ ತಪ್ಪಿದವರಿಗೆ 5 ಅಡಿಯೊಳಗಿಂದ ತಗುಲಿದ ಏಟು ಕ್ರಿಟಿಕಲ್ಲೇ ಆಗುತ್ತದೆ. ಆದ್ದರಿಂದ ಪಕ್ಕದಲ್ಲೇ ನಿಂತ ತೋಳ ಎರಡು ಸಲ ಕಚ್ಚಿದರೆ ನಾಲ್ಕು ಸೋಲು. ಒಂದೂ ದಾಳ ಉರುಳಿಸದೆ ಸಾವು. ಇದನ್ನು ಓದಿ "ಇಷ್ಟು ಕ್ರೂರವೇ" ಎನಿಸಿದರೆ ಸರಿಯಾಗಿಯೇ ಓದಿದ್ದೀರಿ.

ಯಾರೂ ಸಹಾಯಕ್ಕೆ ಬರದೆ, ಮತ್ತೆ ಏಟೂ ಬೀಳದೆ ಬರೀ ದಾಳದ ಮೇಲೆ ಬಿಟ್ಟರೆ ಸಾಯುವ ಸಾಧ್ಯತೆ ಸುಮಾರು ನೂರಕ್ಕೆ ನಲವತ್ತು. ಈ ಅಂಕಿಯನ್ನು ಆಡುವವರಿಗೆ ಹೇಳಿ. "ಅವನು ಹೇಗೂ ಉಳೀತಾನೆ, ನಾನು ಇನ್ನೊಂದು ಬಾಣ ಬಿಡ್ತೀನಿ" ಅನ್ನುವವರ ಕೈ ಸ್ವಲ್ಪ ತಡೆಯುತ್ತದೆ.

ಡೆತ್ ಸೇವ್‌ಗೆ ಯಾವ ಸಾಮರ್ಥ್ಯದ ಬಲವೂ ಸೇರುವುದಿಲ್ಲ, ಆದರೆ ಅದೂ ಒಂದು ಸೇವಿಂಗ್ ಥ್ರೋ (ಅಪಾಯದಿಂದ ಪಾರಾಗಲು ಉರುಳಿಸುವ ದಾಳ). ಹಾಗಾಗಿ ಬ್ಲೆಸ್‌ನ 4 ಮುಖದ ದಾಳ ಸೇರುತ್ತದೆ, ಎಚ್ಚರವಿರುವ ಪ್ಯಾಲಡಿನ್ ಹತ್ತಿರವಿದ್ದರೆ ಅವರ ಪ್ರಭಾವಳಿಯ ಬಲವೂ ಸೇರುತ್ತದೆ. ಬಿದ್ದವರನ್ನು ಸ್ಥಿರಗೊಳಿಸಲು ಡಿಸಿ 10ರ (ಗೆಲ್ಲಲು ಒಟ್ಟು ಕನಿಷ್ಠ 10 ಬರಬೇಕಾದ) ಮೆಡಿಸಿನ್ ಚೆಕ್, ಅಂದರೆ ವೈದ್ಯಕೌಶಲದ ದಾಳ, ಸಾಕು. ಹೀಲರ್ಸ್ ಕಿಟ್ ಇದ್ದರೆ ಚೆಕ್ಕೂ ಬೇಡ. ಆ ಕಿಟ್‌ನ ಬೆಲೆ 5 ಚಿನ್ನದ ನಾಣ್ಯ, 10 ಸಲ ಬರುತ್ತದೆ. ಎಷ್ಟು ತಂಡಗಳು ಹಗ್ಗ, ಕೊಕ್ಕೆ, ಏಣಿ ಕೊಂಡು ಈ ಐದು ನಾಣ್ಯದ ಕಿಟ್ ಮರೆತು ಬರುತ್ತವೆ ಎಂದರೆ, ನಾನು ಈಗ ಹೊಸಬರ ಹಾಳೆಯಲ್ಲಿ ನಾನೇ ಬರೆದುಬಿಡುತ್ತೇನೆ. ಸ್ಥಿರವಾದ ಪಾತ್ರ ತಾನಾಗಿ ಏಳಲು 1ರಿಂದ 4 ಗಂಟೆ ಬೇಕು. 4 ಮುಖದ ದಾಳ ಉರುಳಿಸಿ.

ಮತ್ತೊಂದು ಉಪಾಯ ಡಿಎಂಗಳಿಗೇ ಮರೆತಿರುತ್ತದೆ. ಕೈಯಳತೆಯ ಆಯುಧದಿಂದ ಸೊನ್ನೆಗೆ ಇಳಿಸಿದವರು ಕೊಲ್ಲುವ ಬದಲು ಪ್ರಜ್ಞೆ ತಪ್ಪಿಸುವ ಆಯ್ಕೆ ಮಾಡಬಹುದು. ಇದು ಶತ್ರುಗಳಿಗೂ ಅನ್ವಯಿಸುತ್ತದೆ. ಒತ್ತೆಹಣದ ಆಸೆಯ ದರೋಡೆಕೋರ ಕೊಂದು ಏನು ಸಂಪಾದಿಸುತ್ತಾನೆ?

## ಹಂತ 4: ಏಳು–ಬೀಳಿನ ಆಟ ನಿಲ್ಲಿಸಿ

ಬಿದ್ದವನಿಗೆ ದೂರದಿಂದಲೇ ಹೀಲಿಂಗ್ ವರ್ಡ್ ಎಂಬ ಗುಣಪಡಿಸುವ ಮಂತ್ರ, ಅವನು 4 ಹಿಟ್ ಪಾಯಿಂಟ್‌ನೊಂದಿಗೆ ಏಳುತ್ತಾನೆ, ಒಂದು ಏಟು ಹಾಕುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಹೀಲಿಂಗ್ ವರ್ಡ್. ಎದ್ದಾಗಲೆಲ್ಲ ಡೆತ್ ಸೇವ್‌ನ ಹಳೇ ಸೋಲುಗಳು ಅಳಿಸಿಹೋಗುತ್ತವೆ. ಒಂದೇ ಕಾಳಗದಲ್ಲಿ ಒಬ್ಬನೇ ನಾಲ್ಕು ಸಲ ಬಿದ್ದೆದ್ದರೆ ಅದು ಎಚ್ಚರಿಕೆಯ ಗಂಟೆ: ನಿಮ್ಮ ಟೇಬಲ್‌ನಲ್ಲಿ ಬೀಳುವುದು ಎಡವುವಷ್ಟು ಹಗುರವಾಗಿದೆ.

ಚಾಲ್ತಿಯಲ್ಲಿರುವ ಪರಿಹಾರ, ಸೊನ್ನೆಗೆ ಬಿದ್ದಾಗಲೆಲ್ಲ ಒಂದು ಹಂತ ಎಕ್ಸಾಸ್ಚನ್ (ದಣಿವು) ಕೊಡುವುದು. ಇದು ಪುಸ್ತಕದ ನಿಯಮವಲ್ಲ, ಮನೆ ನಿಯಮ. ಕ್ಯಾಂಪೇನ್ ನಡುವೆ ದಿಢೀರನೆ ತರಬೇಡಿ. 2014ರ ಎಕ್ಸಾಸ್ಚನ್ ಬಲು ಕಠಿಣ, ಮೂರನೇ ಹಂತಕ್ಕೇ ಪಾತ್ರ ನಿಷ್ಪ್ರಯೋಜಕವಾಗುತ್ತದೆ. 2024ರಲ್ಲಿ ಒಂದೊಂದು ಹಂತಕ್ಕೂ 20 ಮುಖದ ದಾಳದಲ್ಲಿ ಎರಡೆರಡು ಕಡಿಮೆ, ಆರನೆಯದಕ್ಕೆ ಸಾವು. ಈ ಮನೆ ನಿಯಮಕ್ಕೆ 2024ರ ಲೆಕ್ಕವೇ ಚೆನ್ನಾಗಿ ಹೊಂದುತ್ತದೆ ಎನ್ನುವುದು ನನ್ನ ಅನುಭವ. ಹಳೇ ಪುಸ್ತಕದಲ್ಲಿ ಆಡುವಾಗಲೂ ನಾನು ಇದನ್ನೇ ಎರವಲು ತರುತ್ತೇನೆ.

ಇನ್ನೊಂದು ಚಿಕ್ಕ ಬದಲಾವಣೆ: ಡೆತ್ ಸೇವ್ ಗುಟ್ಟಾಗಿರಲಿ. ಆಡುವವರು ದಾಳವನ್ನು ಲೋಟದ ಕೆಳಗೆ ಉರುಳಿಸಿ ನನಗೊಬ್ಬನಿಗೇ ತೋರಿಸುತ್ತಾರೆ. ಅವನಿಗೆ ಎರಡು ಸೋಲಾಗಿದೆಯೋ ಎರಡು ಗೆಲುವಾಗಿದೆಯೋ ಉಳಿದವರಿಗೆ ಗೊತ್ತಿಲ್ಲದಿದ್ದರೆ, "ಇನ್ನೊಂದು ಸುತ್ತು ಕಾಯೋಣ" ಎಂಬ ಲೆಕ್ಕಾಚಾರ ತಾನಾಗಿ ನಿಲ್ಲುತ್ತದೆ.

## ಹಂತ 5: ಸತ್ತ ನಂತರದ ಹತ್ತು ಸುತ್ತು

ಮೂರನೇ ಸೋಲು ಬಿತ್ತು. ಈಗ ಎರಡು ಕೆಲಸ, ಎರಡೂ ಅರ್ಧ ನಿಮಿಷದೊಳಗೆ.

ಮೊದಲನೆಯದು, ಕೆಂಪು ದಾಳವನ್ನು 10ರ ಮುಖ ಮೇಲೆ ಮಾಡಿ ಶವದ ಗೊಂಬೆಯ ಪಕ್ಕ ಇಡಿ. ರಿವಿವಿಫೈ ನಡೆಯುವುದು ಸತ್ತ ಒಂದು ನಿಮಿಷದೊಳಗೆ. ಒಂದು ಸುತ್ತು 6 ಸೆಕೆಂಡ್, ಹಾಗಾಗಿ ಹತ್ತು ಸುತ್ತು. ಪ್ರತಿ ಸುತ್ತಿಗೂ ದಾಳವನ್ನು ಒಂದೊಂದೇ ಇಳಿಸಿ, ಏನೂ ಹೇಳಬೇಡಿ. 4ಕ್ಕೆ ಇಳಿಯುವಷ್ಟರಲ್ಲಿ ಕ್ಲೆರಿಕ್ ಆಡುವವರ ಕಣ್ಣು ಆ ದಾಳದ ಮೇಲೇ ನೆಟ್ಟಿರುತ್ತದೆ. ಕ್ಲೆರಿಕ್ ಶವವನ್ನು ಮುಟ್ಟಬೇಕು, ಅದಕ್ಕೆ ಶತ್ರುಗಳನ್ನು ದಾಟಿ ಓಡಬೇಕು. ಎದ್ದ ಪಾತ್ರಕ್ಕೆ ಸಿಗುವುದು 1 ಹಿಟ್ ಪಾಯಿಂಟ್ ಮಾತ್ರ, ಕಳೆದುಕೊಂಡ ಅಂಗ ಮರಳದು.

ಎರಡನೆಯದು, ಆಡುವವರನ್ನು ಸುಮ್ಮನೆ ಕೂರಿಸಬೇಡಿ. ಹಿಂದೊಮ್ಮೆ ನಾನು ಕೂರಿಸಿದ್ದೆ. ರಾತ್ರಿ ಎಂಟೂವರೆಗೆ ಸತ್ತವನು ಹನ್ನೊಂದರವರೆಗೆ ಮೊಬೈಲ್ ನೋಡುತ್ತ ಕೂತ, ಮುಂದಿನ ವಾರ "ಆಫೀಸ್ ಕೆಲಸ" ಎಂದ, ಅದರ ಮುಂದಿನ ವಾರ ಮೆಸೇಜೂ ಇಲ್ಲ. ಈಗ ಅದೇ ಕ್ಷಣ ಒಂದು ಶತ್ರುವಿನ ಹಾಳೆ ಅವರ ಕೈಗೆ ಕೊಡುತ್ತೇನೆ: "ಈ ಇಬ್ಬರು ಗಾಬ್ಲಿನ್ ನಿನ್ನವು, ದಯೆ ತೋರಿಸಬೇಡ." ಸತ್ತವರಷ್ಟು ಉತ್ಸಾಹದಿಂದ ಗೆಳೆಯರನ್ನು ಹೊಡೆಯುವವರು ಇನ್ಯಾರೂ ಇಲ್ಲ.

## ಹಂತ 6: ಶವ ಕಾಪಾಡುವುದು

ಕಾಳಗ ಮುಗಿಯಿತು, ಹತ್ತು ಸುತ್ತೂ ಕಳೆದವು. ಈಗ ಕ್ಯಾಲೆಂಡರ್ ಹಾಳೆ ತೆಗೆದು ಸತ್ತ ದಿನಕ್ಕೆ ಗುರುತು ಹಾಕಿ. ರೇಸ್ ಡೆಡ್ ಮತ್ತು ರೀಇನ್‌ಕಾರ್ನೇಟ್ (ಹೊಸ ದೇಹದಲ್ಲಿ ಎಬ್ಬಿಸುವ ಮಂತ್ರ) ಎರಡಕ್ಕೂ ಗಡುವು 10 ದಿನ.

ಗಡುವು ಹಿಡಿದು ನಿಲ್ಲಿಸುವುದು ಜೆಂಟಲ್ ರಿಪೋಸ್ ಎಂಬ ಎರಡನೇ ಮಟ್ಟದ ಮಂತ್ರ. ಚಿಟಿಕೆ ಉಪ್ಪು, ಎರಡು ಕಣ್ಣಿನ ಮೇಲೂ ಒಂದೊಂದು ತಾಮ್ರದ ನಾಣ್ಯ. ಮಂತ್ರ 10 ದಿನ ಇರುತ್ತದೆ, ಶವ ಕೊಳೆಯುವುದಿಲ್ಲ, ಆ ದಿನಗಳು ಗಡುವಿನ ಲೆಕ್ಕಕ್ಕೆ ಸೇರುವುದಿಲ್ಲ. ನಾಣ್ಯ ಕಣ್ಣಿನ ಮೇಲೇ ಇರಬೇಕು. ಹೆಗಲ ಮೇಲೆ ಹೊತ್ತು ಗುಡ್ಡ ಇಳಿಯುವಾಗ ನಾಣ್ಯ ಜಾರಿದರೆ? ನನ್ನ ತಂಡವೊಂದು ಬಟ್ಟೆಯಿಂದ ಕಣ್ಣು ಕಟ್ಟಿ ಬಂದಿತ್ತು. ಇಂಥ ಚಿಲ್ಲರೆ ವಿವರಗಳನ್ನು ಕೇಳಿ, ಸಾವಿಗೆ ತೂಕ ಬರುವುದು ಇವುಗಳಿಂದ.

ಸತ್ತ ಒಂದು ನಿಮಿಷದೊಳಗೇ ಜೆಂಟಲ್ ರಿಪೋಸ್ ಹಾಕಿದರೆ ರಿವಿವಿಫೈ ಗಡುವೂ ನಿಲ್ಲುತ್ತದೆಯೇ? ಮಂತ್ರದ ಮಾತು ಓದಿದರೆ ನಿಲ್ಲುತ್ತದೆ ಎಂದೇ ನಾನು ತೀರ್ಪು ಕೊಡುತ್ತೇನೆ. 3ನೇ ಲೆವೆಲ್ ತಂಡಕ್ಕೆ ಇದೊಂದೇ ಹಿಡಿಕಟ್ಟು: ನಾಣ್ಯ ಇಟ್ಟು, ಶವ ಹೊತ್ತು, ರಿವಿವಿಫೈ ಬಲ್ಲವರನ್ನು ಹುಡುಕಿಕೊಂಡು ಹೊರಡುವುದು. ನೀವು ಏನೇ ತೀರ್ಮಾನಿಸಿ, ಮೊದಲ ದಿನವೇ ಹೇಳಿಡಿ.

ಶವದ ಸ್ಥಿತಿಯನ್ನೂ ಆಗಲೇ ಬರೆದಿಡಿ. ರೇಸ್ ಡೆಡ್ ಕತ್ತರಿಸಿಹೋದ ಅಂಗವನ್ನು ಮರಳಿ ಕೊಡದು. ತಲೆಯಂತಹ ಪ್ರಾಣಕ್ಕೆ ಬೇಕೇಬೇಕಾದ ಭಾಗ ಇಲ್ಲದಿದ್ದರೆ ಮಂತ್ರವೇ ವಿಫಲ. ಡಿಸಿಂಟಿಗ್ರೇಟ್ ಮಂತ್ರಕ್ಕೆ ಸಿಕ್ಕಿ ಬೂದಿಯಾದವರಿಗೆ ಟ್ರೂ ರೆಸರೆಕ್ಷನ್ ಅಥವಾ ವಿಶ್ (ಬಯಸಿದ್ದನ್ನು ಕೊಡುವ ಮಂತ್ರ) ಬಿಟ್ಟರೆ ಬೇರೆ ದಾರಿಯಿಲ್ಲ. ಆ ಮಂತ್ರ ಬಲ್ಲ ಶತ್ರುವನ್ನು ತರುವ ಮುಂಚೆ ಇದು ನೆನಪಿರಲಿ.

## ಹಂತ 7: ಬರಲು ಇಷ್ಟವಿದೆಯೇ ಎಂದು ಕೇಳಿ

ಆತ್ಮಕ್ಕೆ ಇಷ್ಟವಿಲ್ಲದಿದ್ದರೆ ಯಾವ ಮಂತ್ರವೂ ಎಳೆದು ತರದು. ಎಬ್ಬಿಸುತ್ತಿರುವವರ ಹೆಸರು, ಅವರ ಗುಣ, ಅವರ ದೈವ ಯಾವುದೆಂದು ಆತ್ಮಕ್ಕೆ ತಿಳಿಯುತ್ತದೆ, ಅದರ ಮೇಲೆ ಒಲ್ಲೆ ಎನ್ನಲೂಬಹುದು. ಇದು ಕಥೆಯ ಮಾತು. ಟೇಬಲ್‌ನ ಮಾತೆಂದರೆ, ಆಡುವವರನ್ನು ಪಕ್ಕಕ್ಕೆ ಕರೆದು, ಉಳಿದವರ ಎದುರಲ್ಲದೆ, ಕೇಳಬೇಕು. ಎಲ್ಲರೆದುರು ಕೇಳಿದರೆ ಮುಲಾಜಿಗೆ "ಹೂಂ" ಅನ್ನುತ್ತಾರೆ. ಹೊಸ ಪಾತ್ರ ಕಟ್ಟುವ ಆಸೆ ಒಳಗೇ ಉಳಿದು, ಎರಡು ತಿಂಗಳು ಮನಸ್ಸಿಲ್ಲದೆ ಆಡುತ್ತಾರೆ.

ದಾರಿಗಳು ಹೀಗಿವೆ. ರೇಸ್ ಡೆಡ್‌ಗೆ ಒಂದು ಗಂಟೆ ಹಿಡಿಯುತ್ತದೆ; ಎದ್ದವರಿಗೆ 1 ಹಿಟ್ ಪಾಯಿಂಟ್, ಜೊತೆಗೆ ಏಟು, ಸೇವ್, ಚೆಕ್ ಎಲ್ಲದರಲ್ಲೂ 4 ಕಡಿಮೆ. ಒಂದೊಂದು ದೀರ್ಘ ವಿಶ್ರಾಂತಿಗೂ ಒಂದೊಂದು ಕಳೆಯುತ್ತದೆ. ಪ್ರಕೃತಿಯ ಮಂತ್ರವಾದಿ ಡ್ರೂಯಿಡ್‌ನ ರೀಇನ್‌ಕಾರ್ನೇಟ್‌ಗೆ ವಜ್ರ ಬೇಡ, 1,000 ನಾಣ್ಯದ ತೈಲ–ಲೇಪ ಬೇಕು. ಸಿಗುವುದು ಹೊಸ ದೇಹ. 2014ರ ಪಟ್ಟಿಯಲ್ಲಿ 100ರ ದಾಳ ಉರುಳಿಸಿ ಯಾವ ಕುಲದ ದೇಹವೆಂದು ನೋಡುತ್ತಾರೆ. ಆರಡಿಯ ಯೋಧ ಮೂರಡಿಯ ಹಾಫ್ಲಿಂಗ್ ಆಗಿ ಎದ್ದು ತನ್ನ ಕವಚದೊಳಗೆ ಮುಳುಗಿಹೋದದ್ದನ್ನು ನೋಡಿದ್ದೇನೆ. ನಗು ಬರಲಿ, ಆದರೆ ಆಡುವವರಿಗೆ ಮುಂಚೆಯೇ ಹೇಳಿರಬೇಕು. ರೆಸರೆಕ್ಷನ್ ನೂರು ವರ್ಷದ ಹಿಂದೆ ಸತ್ತವರನ್ನೂ ಅಂಗ ಸಮೇತ ಎಬ್ಬಿಸುತ್ತದೆ. ಟ್ರೂ ರೆಸರೆಕ್ಷನ್‌ಗೆ 200 ವರ್ಷದ ಮಿತಿ, ದೇಹವೇ ಬೇಕಿಲ್ಲ, ಹೆಸರು ಹೇಳಿದರೆ ಸಾಕು.

## ಹಂತ 8: ಬೆಲೆ ಯಾರು ತೆರುತ್ತಾರೆ?

ವಜ್ರ ಕೊಟ್ಟು ಎಬ್ಬಿಸಿದರೆ ಅದು ರಿಪೇರಿ ಅಂಗಡಿಯ ವ್ಯವಹಾರದಂತೆ ಕಾಣುತ್ತದೆ. ಇದನ್ನು ನಿವಾರಿಸುವುದು ಹೇಗೆಂದು ನನಗೆ ಹೊಳೆದದ್ದು ಕಚನ ಕಥೆಯಿಂದ. ಶುಕ್ರಾಚಾರ್ಯರ ಸಂಜೀವಿನಿ ಕಚನನ್ನು ಎರಡು ಸಲ ಸಲೀಸಾಗಿ ಎಬ್ಬಿಸುತ್ತದೆ, ಕೇಳುವವರಿಗೂ ಅಷ್ಟೇನೂ ಅನಿಸುವುದಿಲ್ಲ. ಮೂರನೇ ಸಲ ಅಸುರರು ಅವನನ್ನು ಸುಟ್ಟು ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸುತ್ತಾರೆ. ಈಗ ಕಚ ಏಳಬೇಕಾದರೆ ಗುರುವಿನ ಹೊಟ್ಟೆ ಸೀಳಬೇಕು. ಮಂತ್ರ ಅದೇ, ಬೆಲೆ ತೆರುವವರು ಮಾತ್ರ ಬದಲಾದರು. ಇಡೀ ಕಥೆ ಬಿಗಿಯಾಗುವುದು ಅಲ್ಲಿ.

ನಿಮ್ಮ ಆಟದಲ್ಲೂ ಬೆಲೆಯನ್ನು ಸತ್ತವರ ಮೇಲೆ ಹಾಕಬೇಡಿ. ಅವರು ಆಗಲೇ ಸತ್ತಿದ್ದಾರೆ. ಉಳಿದವರು ತೆರಲಿ. ಅರ್ಚಕರು ಹಣದ ಬದಲು ಒಂದು ಮಾತು ಕೇಳಲಿ, ಆ ಮಾತು ನಡೆಸಿಕೊಡಬೇಕಾದವರು ಯಾರೆಂದು ತಂಡವೇ ಆರಿಸಲಿ.

ದಾಳ ಬೇಕೆನ್ನುವವರಿಗೆ ಕ್ರಿಟಿಕಲ್ ರೋಲ್ ಎಂಬ ಡಿ ಅಂಡ್ ಡಿ ಕಾರ್ಯಕ್ರಮವನ್ನು ಆಡಿಸುತ್ತಿದ್ದ ಮ್ಯಾಥ್ಯೂ ಮರ್ಸರ್ ಬಳಸಿ ಪ್ರಚಾರಕ್ಕೆ ತಂದ ಮನೆ ನಿಯಮವಿದೆ. ಮರುಜೀವಕ್ಕೆ ಬರಿಯ 20 ಮುಖದ ದಾಳ, ಡಿಸಿ 10ರಿಂದ ಆರಂಭ, ಹಿಂದೆ ಎದ್ದ ಒಂದೊಂದು ಸಲಕ್ಕೂ ಒಂದು ಹೆಚ್ಚು. ಗೆಳೆಯರಲ್ಲಿ ಮೂವರವರೆಗೆ ಏನಾದರೂ ಅರ್ಪಿಸಬಹುದು: ಮಾತು, ವಸ್ತು, ಪ್ರಾರ್ಥನೆ. ಅದಕ್ಕೆ ತಕ್ಕ ಚೆಕ್ ಗೆದ್ದರೆ ಡಿಸಿ 3 ಇಳಿಯುತ್ತದೆ, ಸೋತರೆ 1 ಏರುತ್ತದೆ. ಮೂವರೂ ಗೆದ್ದರೆ ಡಿಸಿ 1, ಸೋಲೇ ಇಲ್ಲ. ಮೂವರೂ ಸೋತರೆ 13, ಗೆಲುವು ನೂರಕ್ಕೆ ನಲವತ್ತು.

ನಮ್ಮಲ್ಲಿ ಭೈರ ಎಂಬ ಯೋಧ ಸತ್ತಾಗ ಇದನ್ನು ಮೊದಲ ಸಲ ಆಡಿಸಿದೆ. ಬಾರ್ಡ್ ಹಾಡಿದಳು, ದಾಳ 6, ಡಿಸಿ 11ಕ್ಕೆ ಏರಿತು. ವಿಝಾರ್ಡ್ ಸಾಲದ ಪುಸ್ತಕ ತೆಗೆದು "ನಂಗೆ ಹದಿನಾಲ್ಕು ನಾಣ್ಯ ಬಾಕಿ ಇದೆ, ಕೊಡದೆ ಹೆಂಗೋ ಹೋಗ್ತೀಯ" ಎಂದ. ನಕ್ಕೆವು, ಚೆಕ್ ಗೆದ್ದ, ಡಿಸಿ 8. ಆಮೇಲೆ ರೋಗ್ (ಕೈಚಳಕದ ಪಾತ್ರ) ಆಡುತ್ತಿದ್ದವಳು ಏನೂ ಹೇಳದೆ ತನ್ನ ಹಾಳೆಯಲ್ಲಿ ಒಂದು ಸಾಲು ಹೊಡೆದುಹಾಕಿದಳು. "ಉಂಗುರ ವಾಪಸ್ ಅವನ ಬೆರಳಿಗೆ ಹಾಕ್ತೀನಿ." ನಾಲ್ಕು ಸೆಷನ್ ಹಿಂದೆ ಭೈರನ ಚೀಲದಿಂದ ಕಳುವಾದ ತಾಯಿಯ ಉಂಗುರ, ಕದ್ದವರು ಯಾರೆಂದು ಅವಳಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಡಿಸಿ 5. ಭೈರನನ್ನು ಆಡುವವನು ದಾಳ ಹಿಡಿದು ಅವಳನ್ನೇ ನೋಡುತ್ತ ಉರುಳಿಸಿದ. 7 ಬಂತು.

ಎಚ್ಚರಿಕೆ: ಈ ನಿಯಮದಲ್ಲಿ ಸೋತರೆ ಆತ್ಮ ಕೈತಪ್ಪುತ್ತದೆ, ಆಮೇಲೆ ಅತ್ಯುನ್ನತ ಮಂತ್ರಗಳಷ್ಟೇ ಗತಿ. ಸೋಲನ್ನು ಒಪ್ಪಿಕೊಳ್ಳಲು ನಿಮ್ಮ ಟೇಬಲ್ ತಯಾರಿಲ್ಲದಿದ್ದರೆ ದಾಳವನ್ನೇ ತರಬೇಡಿ. ದಾಳ ಉರುಳಿಸಿ, ಸೋತ ಮೇಲೆ "ಆದರೂ ಎದ್ದ" ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು.

## ಹಂತ 9: ಎದ್ದ ಮೇಲೆ, ಅಥವಾ ಏಳದಿದ್ದರೆ

ರೇಸ್ ಡೆಡ್‌ನ ನಾಲ್ಕರ ಕೊರತೆಯನ್ನು ತಂಡ ನಾಲ್ಕು ದಿನ ಛತ್ರದಲ್ಲಿ ಮಲಗಿ ಕಳೆಯಲು ನೋಡುತ್ತದೆ. ಮಲಗಲಿ, ಆದರೆ ಆ ನಾಲ್ಕು ದಿನ ಶತ್ರುಗಳೂ ಮಲಗಿರುವುದಿಲ್ಲ. ಎದ್ದವರಿಗೆ ಒಂದೇ ಒಂದು ಪ್ರಶ್ನೆ ಕೇಳಿ: "ಅಲ್ಲಿ ಏನು ಕಂಡಿತು?" ಉತ್ತರ ಅವರದೇ ಇರಲಿ, ನೀವು ಬರೆದುಕೊಳ್ಳಿ ಅಷ್ಟೆ.

ಇಡೀ ತಂಡವೇ ಸತ್ತರೆ ಆ ರಾತ್ರಿ ಏನೂ ತೀರ್ಮಾನಿಸಬೇಡಿ. ಊಟಕ್ಕೆ ಕರೆದುಕೊಂಡು ಹೋಗಿ. ಮುಂದುವರಿಸುವುದೋ, ಹೊಸದು ಶುರು ಮಾಡುವುದೋ ಎರಡು ದಿನ ಬಿಟ್ಟು ಮಾತಾಡಿ.

ಪಾತ್ರ ಏಳದಿದ್ದರೆ ಹೊಸ ಪಾತ್ರ ಅದೇ ಲೆವೆಲ್‌ನಲ್ಲಿ ಬರಲಿ. ಒಂದು ಲೆವೆಲ್ ಕಡಿಮೆ ಕೊಡುವುದು ಹಳೇ ಚಾಳಿ. ಸತ್ತದ್ದೇ ಸಾಲದೆಂದು ದಂಡವನ್ನೂ ಹಾಕಿದಂತೆ. ಸತ್ತವರ ಸಾಮಾನು ಯಾರಿಗೆಂದು ತಂಡ ಆಟದೊಳಗೇ ತೀರ್ಮಾನಿಸಲಿ, ಹೊಸ ಪಾತ್ರ ಹಳೇ ಪಾತ್ರದ ಮಾಂತ್ರಿಕ ಕತ್ತಿ ಹಿಡಿದು ಬರುವುದು ಬೇಡ. ಮತ್ತು ಮುಂದಿನ ಸೆಷನ್‌ನ ಮೊದಲ ಹದಿನೈದು ನಿಮಿಷದೊಳಗೆ ಅದನ್ನು ತನ್ನಿ. ಸೆರೆಮನೆಯ ಪಕ್ಕದ ಕೋಣೆಯಲ್ಲಿ, ಶವ ಹೊರಲು ಕೂಲಿಗೆ ಬಂದವನಾಗಿ, ಉಯಿಲು ಓದಲು ಬಂದ ತಂಗಿಯಾಗಿ, ಹೇಗಾದರೂ ಸರಿ. ಒಂಬತ್ತು ಗಂಟೆಯಾದರೂ ಅವರ ಪಾತ್ರ ಇನ್ನೂ ಬಾಗಿಲು ತಟ್ಟಿಲ್ಲವೆಂದರೆ, ಅವರು ಮತ್ತೆ ಮೊಬೈಲ್ ತೆಗೆದಿರುತ್ತಾರೆ.